ಪ್ಯಾಕ್, ಟ್ರೂಪ್, ಪ್ಯಾಟ್ರೋಲ್: ಮಗುವನ್ನು ಸ್ಕೌಟ್ಸ್‌ಗೆ ಸೇರಿಸುವ ಮುಂಚೆ ಯಾವುದು ಏನು ಅಂತ ನೋಡಿಕೊಳ್ಳಿ

"ಹೆಸರು ಸಿಕ್ಸರ್ ಹತ್ತಿರ ಬರೆಸಿಬಿಡಿ" ಅಂದರು. ಮಗನ ಕೈ ಹಿಡಿದುಕೊಂಡು ಮೊದಲನೇ ದಿನ ಮೈದಾನಕ್ಕೆ ಹೋಗಿದ್ದೆ. ಸಿಕ್ಸರ್ ಅಂದರೆ ನನಗೆ ಗೊತ್ತಿದ್ದದ್ದು ಕ್ರಿಕೆಟ್ಟಿನದು ಒಂದೇ. ಯಾರೋ ದೊಡ್ಡ ಮನುಷ್ಯರಿರಬೇಕು ಅಂತ ಸುತ್ತ ಹುಡುಕಿದೆ. ಕೊನೆಗೆ ಒಂಬತ್ತು ವರ್ಷದ ಒಬ್ಬಳು ಹುಡುಗಿ ಪುಸ್ತಕ, ಪೆನ್ಸಿಲ್ ಹಿಡಿದುಕೊಂಡು ಬಂದು, "ನಿಮ್ಮ ಹುಡುಗನ ಹೆಸರೇನು?" ಅಂತ ಕೇಳಿದಳು. ಅವಳೇ ಸಿಕ್ಸರ್.

ಅವತ್ತು ಒಂದು ಗಂಟೆಯಲ್ಲಿ ಕಿವಿಗೆ ಬಿದ್ದ ಪದಗಳು: ಪ್ಯಾಕ್, ಸಿಕ್ಸ್, ಅಕೇಲಾ, ವಾಗಲ್, ಇನ್ವೆಸ್ಟಿಚರ್, ಗ್ರ್ಯಾಂಡ್ ಹೌಲ್. ಅರ್ಥವಾಗಿದ್ದು ಒಂದೂ ಇಲ್ಲ. ಎಲ್ಲದಕ್ಕೂ ತಲೆ ಆಡಿಸಿ ಬಂದೆ. ಆಮೇಲೆ ನಾನೇ ಸಹಾಯಕ್ಕೆ ಸೇರಿಕೊಂಡೆ, ಮಗಳೂ ಬಂದಳು, ಈಗ ಹೊಸದಾಗಿ ಬರುವ ಅಪ್ಪ ಅಮ್ಮಂದಿರು ಥೇಟ್ ನನ್ನ ಹಾಗೇ ತಲೆ ಆಡಿಸುವುದನ್ನು ನೋಡುತ್ತಿರುತ್ತೇನೆ.

ಅವರಿಗೆ ನಾನು ಹೇಳುವುದು ಒಂದೇ. ಪದಗಳನ್ನು ಬಾಯಿಪಾಠ ಮಾಡಬೇಡಿ. ಪ್ರತಿ ಪದ ಕೇಳಿದಾಗಲೂ, ಇಲ್ಲಿ ತೀರ್ಮಾನ ಯಾರದು, ದೊಡ್ಡವರದಾ ಮಕ್ಕಳದಾ ಅಂತ ಕೇಳಿಕೊಳ್ಳಿ. ಸ್ಕೌಟಿಂಗ್‌ನ ಅರ್ಧಕ್ಕರ್ಧ ಪದಗಳು ಇದನ್ನೇ ಹೇಳುತ್ತವೆ. ಎರಡು ಮೂರು ಘಟಕಗಳ ನಡುವೆ ಯಾವುದಕ್ಕೆ ಸೇರಿಸುವುದು ಅಂತ ಯೋಚಿಸುತ್ತಿದ್ದರೆ, ಆರಿಸುವುದಕ್ಕೂ ಇದೇ ಅಳತೆ ಸಾಕು.

ಗ್ರೂಪ್, ಪ್ಯಾಕ್, ಟ್ರೂಪ್

ಗ್ರೂಪ್ ಅಂದರೆ ಇಡೀ ಮನೆ ಅಂದುಕೊಳ್ಳಿ. ಅದರೊಳಗೆ ವಯಸ್ಸಿಗೆ ಒಂದೊಂದು ಕೋಣೆ. ಚಿಕ್ಕ ಮಕ್ಕಳದು ಪ್ಯಾಕ್, ಅಲ್ಲಿರುವ ಮಗು ಕಬ್. ಹತ್ತು ಹನ್ನೊಂದು ದಾಟಿದವರದು ಟ್ರೂಪ್, ಅಲ್ಲಿರುವವರು ಸ್ಕೌಟ್. ಇನ್ನೂ ದೊಡ್ಡವರು ರೋವರ್, ಅವರ ಗುಂಪಿಗೆ ಕ್ರೂ. ಯೂನಿಟ್ ಅಥವಾ ಘಟಕ ಅಂದರೆ ಇವುಗಳಲ್ಲಿ ಯಾವುದಾದರೂ ಒಂದು. ಯಾರಾದರೂ "ನಿಮ್ಮದು ಯಾವ ಯೂನಿಟ್?" ಅಂತ ಕೇಳಿದರೆ ಗಾಬರಿ ಬೇಡ, ಮಗು ಪ್ಯಾಕಿನಲ್ಲಿದೆಯೋ ಟ್ರೂಪಿನಲ್ಲಿದೆಯೋ ಅಂತ ಕೇಳುತ್ತಿದ್ದಾರೆ ಅಷ್ಟೇ.

ಅಮೆರಿಕದಲ್ಲಿ ಈ ಇಡೀ ಮನೆಯ ಲೆಕ್ಕ ಅಷ್ಟಾಗಿ ಇಲ್ಲ. ಅಲ್ಲಿ ಪ್ಯಾಕ್ ಬೇರೆ, ಟ್ರೂಪ್ ಬೇರೆ, ಎರಡೂ ಒಂದೇ ಕಟ್ಟಡದಲ್ಲಿ ಸೇರಿದರೂ ಸರಿ. ಹಾಗಾಗಿ ಕಬ್ ಮುಗಿದ ಮೇಲೆ ಅಲ್ಲಿನ ಮನೆಯವರು ಮತ್ತೆ ಹೊಸದಾಗಿ ಟ್ರೂಪ್ ಹುಡುಕುತ್ತಾರೆ, ನಾಲ್ಕೈದು ಕಡೆ ಹೋಗಿ ನೋಡಿ ಬರುತ್ತಾರೆ. ಗ್ರೂಪ್ ಇರುವ ಕಡೆ ಮಗು ಸಾಮಾನ್ಯವಾಗಿ ಪಕ್ಕದ ಕೋಣೆಗೆ ಹೋದ ಹಾಗೆ ಮೇಲಕ್ಕೆ ಹೋಗಿಬಿಡುತ್ತದೆ. ಪರಿಚಿತ ಮುಖಗಳ ನಡುವೆಯೇ ಅರಳುವ ಮಗುವಾದರೆ ಎಲ್ಲ ಕೋಣೆಯೂ ಇರುವ ಗ್ರೂಪ್ ಒಳ್ಳೆಯದು. ಇದನ್ನು ಸೇರಿಸುವ ದಿನವೇ ಕೇಳಿ. "ಕಬ್ ಆದ ಮೇಲೆ ಎಲ್ಲಿಗೆ ಹೋಗುತ್ತಾರೆ?" ಅನ್ನುವ ಪ್ರಶ್ನೆ ಬಹಳ ಜನ ಕೇಳುವುದೇ ಇಲ್ಲ.

ಹೀಗೆ ಮೇಲಕ್ಕೆ ಹೋಗುವ ದಿನಕ್ಕೂ ಒಂದು ಹೆಸರಿದೆ. ಕೆಲವು ಕಡೆ ಗೋಯಿಂಗ್ ಅಪ್, ಅಮೆರಿಕದ ಕಬ್‌ಗಳಿಗೆ ಕ್ರಾಸ್ ಓವರ್, ಅಲ್ಲಿನ ಗರ್ಲ್ ಸ್ಕೌಟ್‌ಗಳಿಗೆ ಬ್ರಿಡ್ಜಿಂಗ್. ಸಣ್ಣದೊಂದು ಮರದ ಸೇತುವೆ ಇಟ್ಟು ಅದರ ಮೇಲೆ ಮಕ್ಕಳನ್ನು ದಾಟಿಸುತ್ತಾರೆ. ನೋಡೋಕೆ ಚೆನ್ನಾಗಿರುತ್ತೆ.

ಸಿಕ್ಸ್ ಮತ್ತು ಡೆನ್ ಒಂದೇ ಅಲ್ಲ

ಪ್ಯಾಕಿನೊಳಗೆ ಮತ್ತೆ ಸಣ್ಣ ಸಣ್ಣ ಗುಂಪು ಇರುತ್ತವೆ. ಭಾರತದಲ್ಲೂ ಬ್ರಿಟನ್ನಿನಲ್ಲೂ ಅದು ಸಿಕ್ಸ್. ಹೆಸರೇ ಹೇಳುವಂತೆ ಆರು ಮಕ್ಕಳು, ಒಮ್ಮೊಮ್ಮೆ ಒಬ್ಬರು ಹೆಚ್ಚು ಕಡಿಮೆ. ಅವರಲ್ಲೇ ಒಂದು ಮಗು ಸಿಕ್ಸರ್, ಅಂದರೆ ಆ ಗುಂಪಿನ ಮುಂದಾಳು, ಇನ್ನೊಂದು ಸೆಕೆಂಡ್, ಅಂದರೆ ಸಿಕ್ಸರ್‌ನ ಸಹಾಯಕ. ಒಂದೇ ಸಿಕ್ಸಿನಲ್ಲಿ ಚಿಕ್ಕವರೂ ಇರುತ್ತಾರೆ, ಸ್ವಲ್ಪ ದೊಡ್ಡವರೂ ಇರುತ್ತಾರೆ. ಹೊಸ ಮಗುವಿಗೆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು, ನೀರಿನ ಬಾಟಲಿ ಎಲ್ಲಿಡಬೇಕು ಅಂತ ಹೇಳಿಕೊಡುವುದು ಒಂಬತ್ತು ವರ್ಷದ ಇನ್ನೊಂದು ಮಗು.

ಅಮೆರಿಕದಲ್ಲಿ ಸಿಕ್ಸ್ ಬದಲು ಡೆನ್. ಬರೀ ಹೆಸರು ಬೇರೆ ಅಂದುಕೊಂಡರೆ ತಪ್ಪು. ಡೆನ್‌ನಲ್ಲಿ ಒಂದೇ ತರಗತಿಯ ಮಕ್ಕಳು ಇರುತ್ತಾರೆ. ಶಾಲೆಗೆ ಸೇರುವ ವಯಸ್ಸಿನವರು ಲಯನ್, ಒಂದನೇ ತರಗತಿ ಟೈಗರ್, ಎರಡನೆಯದು ವುಲ್ಫ್, ಮೂರನೆಯದು ಬೇರ್, ನಾಲ್ಕನೆಯದು ವೆಬ್ಲೋಸ್, ಐದನೆಯದು ಆ್ಯರೋ ಆಫ್ ಲೈಟ್. ಡೆನ್ ನಡೆಸುವುದು ಡೆನ್ ಲೀಡರ್. ಆ ಲೀಡರ್ ಮಗು ಅಲ್ಲ, ದೊಡ್ಡವರು, ಅದೂ ಹೆಚ್ಚಾಗಿ ಯಾರದೋ ಅಪ್ಪ ಅಥವಾ ಅಮ್ಮ. ಸಣ್ಣ ಡೆನ್ ಸಭೆಗಳು ಆಗಾಗ ನಡೆಯುತ್ತವೆ, ಎಲ್ಲ ಡೆನ್‌ಗಳೂ ಒಟ್ಟಾಗುವ ಪ್ಯಾಕ್ ಸಭೆ ಸಾಮಾನ್ಯವಾಗಿ ತಿಂಗಳಿಗೊಂದು.

ಎರಡರಲ್ಲಿ ಯಾವುದು ವಾಸಿ? ನಾಚಿಕೆಯ ಮಗುವಿಗೆ ಡೆನ್ ಮೊದಲು ಹಿತವಾಗುತ್ತದೆ, ತನ್ನ ವಯಸ್ಸಿನವರೇ ಸುತ್ತ ಇರುತ್ತಾರಲ್ಲ. ಒಬ್ಬನೇ ಮಗ, ಮನೆಯಲ್ಲಿ ಅಣ್ಣ ತಮ್ಮ ಯಾರೂ ಇಲ್ಲ ಅಂದರೆ ಸಿಕ್ಸ್ ಕೊಡುವುದನ್ನು ಬೇರೆ ಎಲ್ಲೂ ಕೊಡಿಸೋಕೆ ಆಗಲ್ಲ. ಆದರೆ ನೀವಿರುವ ದೇಶದಲ್ಲಿ ಯಾವುದಿದೆಯೋ ಅದೇ ಸಿಗುವುದು, ಆಯ್ಕೆ ಇರುವುದಿಲ್ಲ. ದೇಶ ಬದಲಾಯಿಸುವ ಮನೆಯವರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ: ಮಗ ಸಿಕ್ಸರ್ ಆಗಿದ್ದ, ಈಗ ಡೆನ್ ಲೀಡರ್ ಮಾಡಿ ಅಂತ ಹೋಗಿ ಕೇಳಿದರೆ ಅವರು ನಿಮ್ಮನ್ನೇ ಡೆನ್ ಲೀಡರ್ ಮಾಡಿಬಿಡುತ್ತಾರೆ.

ಇನ್ನು ಅಕೇಲಾ. ಹಿಂದಿ ಬಲ್ಲವರಿಗೆ ಇದು ಒಂಟಿ ಅಂತ ಕೇಳಿಸುತ್ತದೆ, ಅದು ಸರಿಯೇ. ಕಿಪ್ಲಿಂಗ್‌ರ ಜಂಗಲ್ ಬುಕ್‌ನಲ್ಲಿ ತೋಳಗಳ ಹಿಂಡಿನ ನಾಯಕನ ಹೆಸರು ಅಕೇಲಾ. ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್-ಪೊವೆಲ್ 1916ರಲ್ಲಿ ಚಿಕ್ಕ ಹುಡುಗರಿಗಾಗಿ ವುಲ್ಫ್ ಕಬ್ ಶುರು ಮಾಡಿದಾಗ ಆ ಕತೆಯನ್ನೇ ಬುನಾದಿ ಮಾಡಿಕೊಂಡರು. ಪ್ಯಾಕ್, ಕಬ್, ಡೆನ್ ಎಲ್ಲವೂ ತೋಳದ ಸಂಸಾರದ ಮಾತುಗಳೇ. ಬಹಳ ಕಡೆ ಅಕೇಲಾ ಅಂದರೆ ಪ್ಯಾಕ್ ನಡೆಸುವ ಹಿರಿಯರು, ಅವರ ಸಹಾಯಕರು ಬಾಲೂ, ಬಘೀರಾ ಹೀಗೆ. ಅಮೆರಿಕದಲ್ಲಿ ಅರ್ಥ ಹಿಗ್ಗಿದೆ, ಮಗುವಿಗೆ ದಾರಿ ತೋರಿಸುವ ಯಾರಾದರೂ ಅಕೇಲಾ, ನೀವೂ ಸೇರಿ. ಮಗುವಿನ ಕಬ್ ಪುಸ್ತಕದಲ್ಲಿ "ಅಕೇಲಾ ಸಹಿ" ಅಂತ ಖಾಲಿ ಜಾಗ ಕಂಡರೆ ಲೀಡರ್‌ಗಾಗಿ ಕಾಯಬೇಡಿ, ನೀವೇ ಹಾಕಬಹುದಾ ಅಂತ ಕೇಳಿ.

ಗ್ರ್ಯಾಂಡ್ ಹೌಲ್ ಅಂದರೆ ಮಕ್ಕಳೆಲ್ಲ ಗೋಲಾಗಿ ಕುಕ್ಕರಗಾಲಲ್ಲಿ ಕೂತು ಅಕೇಲಾಗೆ ತೋಳದ ಹಾಗೆ ಕೂಗಿ ನಮಸ್ಕಾರ ಹೇಳುವುದು. ಮೊದಲ ಸಲ ಕೇಳಿದಾಗ ಹೆದರಬೇಡಿ.

ಪ್ಯಾಟ್ರೋಲ್, ಎಲ್ಲದರ ಬೇರು

ನಮ್ಮ ಅತ್ತೆಗೆ ಇವತ್ತಿಗೂ ಅದು ಪೆಟ್ರೋಲ್. ಇರಲಿ. ಈ ಇಡೀ ಬರಹದಲ್ಲಿ ಒಂದೇ ಒಂದು ಪದ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಟ್ರೂಪಿನೊಳಗೆ ಆರರಿಂದ ಎಂಟು ಮಕ್ಕಳ ಗುಂಪು ಪ್ಯಾಟ್ರೋಲ್. ಅದರ ಮುಖಂಡ ಪ್ಯಾಟ್ರೋಲ್ ಲೀಡರ್, ಅವನೂ ಒಬ್ಬ ಸ್ಕೌಟೇ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್-ಪೊವೆಲ್ ಮೊದಲ ಪ್ರಯೋಗದ ಶಿಬಿರ ಮಾಡಿದರು. ಸುಮಾರು 20 ಹುಡುಗರಿದ್ದರು. ಕೆಲವರು ಶ್ರೀಮಂತರ ಶಾಲೆಗಳವರು, ಕೆಲವರು ದುಡಿಯುವ ಮನೆಗಳವರು. ಅವರನ್ನು ಬೆರೆಸಿ ನಾಲ್ಕು ಪ್ಯಾಟ್ರೋಲ್ ಮಾಡಿದರು: ತೋಳ, ಗೂಳಿ, ಕಾಗೆಯ ಜಾತಿಯ ರೇವನ್, ಕರ್ಲ್ಯೂ ಅನ್ನುವ ಉದ್ದ ಕೊಕ್ಕಿನ ಹಕ್ಕಿ. ಭುಜದ ಮೇಲೆ ಒಂದೊಂದು ಬಣ್ಣದ ಪಟ್ಟಿ. ಇವತ್ತಿಗೂ ಪ್ಯಾಟ್ರೋಲ್‌ಗಳಿಗೆ ಪ್ರಾಣಿ ಪಕ್ಷಿಯ ಹೆಸರು ಇಡುವುದು ಅಲ್ಲಿಂದ ಬಂದದ್ದು.

ಸಿಕ್ಸರ್‌ಗೂ ಪ್ಯಾಟ್ರೋಲ್ ಲೀಡರ್‌ಗೂ ಏನು ವ್ಯತ್ಯಾಸ? ಸಿಕ್ಸರ್ ಸಾಲು ನಿಲ್ಲಿಸುತ್ತಾನೆ, ಹೆಸರು ಕರೆಯುತ್ತಾನೆ, ಆದರೆ ಏನು ಮಾಡಬೇಕು ಅಂತ ತೀರ್ಮಾನ ಮಾಡುವುದು ಅಕೇಲಾ. ಪ್ಯಾಟ್ರೋಲ್ ಲೀಡರ್ ಹಾಗಲ್ಲ. ತನ್ನ ಗುಂಪಿಗೆ ತಾನೇ ಕಲಿಸಬೇಕು, ಶಿಬಿರದಲ್ಲಿ ಯಾರು ನೀರು ತರಬೇಕು ಯಾರು ಡೇರೆ ಹಾಕಬೇಕು ಅಂತ ತಾನೇ ಹಂಚಬೇಕು, ಜಗಳ ಆದರೆ ತಾನೇ ಬಿಡಿಸಬೇಕು. ಸ್ಕೌಟ್‌ಮಾಸ್ಟರ್, ಅಂದರೆ ಟ್ರೂಪ್ ನೋಡಿಕೊಳ್ಳುವ ಹಿರಿಯರು, ಸ್ವಲ್ಪ ದೂರದಲ್ಲಿ ನಿಂತಿರುತ್ತಾರೆ. ನಿಂತಿರಬೇಕು.

ನನ್ನ ಮಗ ಟ್ರೂಪಿಗೆ ಹೋದ ಮೊದಲ ವಾರ ನಾನು ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಹದಿಮೂರು ವರ್ಷದ ಪ್ಯಾಟ್ರೋಲ್ ಲೀಡರ್ ಅವನಿಗೆ ರೀಫ್ ಗಂಟು ಹೇಳಿಕೊಡುತ್ತಿದ್ದ. "ಬಲಗಡೆಯದು ಎಡಗಡೆಯದರ ಮೇಲೆ, ಆಮೇಲೆ ಎಡಗಡೆಯದು ಬಲಗಡೆಯದರ ಮೇಲೆ." ಮಗ ಎರಡು ಸಲವೂ ಬಲಗಡೆಯದನ್ನೇ ಮೇಲೆ ತಂದ. ಗಂಟೇನೋ ಬಿತ್ತು, ಆದರೆ ಹಗ್ಗದ ತುದಿಗಳು ಅಡ್ಡಕ್ಕೆ ಚಾಚಿಕೊಂಡವು. ಲೀಡರ್ ಬೈಯಲಿಲ್ಲ. "ಎಳಿ" ಅಂದ. ಮಗ ಎಳೆದ, ಗಂಟು ಸರಿಯಿತು. "ಇದು ಗ್ರ್ಯಾನಿ ಗಂಟು, ನಂಬೋಕಾಗಲ್ಲ. ಇನ್ನೊಂದು ಸಲ." ಮೂರನೇ ಸಲ ತುದಿಗಳು ಹಗ್ಗದ ಪಕ್ಕದಲ್ಲೇ ತೆಪ್ಪಗೆ ಮಲಗಿದವು, ಗಂಟು ಚಪ್ಪಟೆಯಾಗಿ ಕೂತಿತು. ಸ್ಕೌಟ್‌ಮಾಸ್ಟರ್ ಅಷ್ಟು ಹೊತ್ತೂ ಮರದ ಕೆಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಒಂದು ಹೆಜ್ಜೆ ಮುಂದೆ ಬರಲಿಲ್ಲ. ನಾನಾಗಿದ್ದರೆ ಮೊದಲನೇ ತಪ್ಪಿಗೇ ಓಡಿಹೋಗಿ ಹಗ್ಗ ಕಿತ್ತುಕೊಳ್ಳುತ್ತಿದ್ದೆ.

ಆದ್ದರಿಂದ ಎರಡು ಟ್ರೂಪ್‌ಗಳ ನಡುವೆ ಆರಿಸುವಾಗ ಕಟ್ಟಡ ನೋಡಬೇಡಿ, ಗೋಡೆಯ ಮೇಲಿನ ಫೋಟೋ ನೋಡಬೇಡಿ. ಒಂದು ಪೂರ್ತಿ ಸಭೆ ಕೂತು, ಜಾಸ್ತಿ ಮಾತಾಡುತ್ತಿರುವವರು ಯಾರು ಅಂತ ಗಮನಿಸಿ. ಮಕ್ಕಳ ದನಿ ಕೇಳುತ್ತಿದ್ದರೆ, ಸ್ವಲ್ಪ ಗಲಾಟೆಯೂ ಇದ್ದರೆ, ಪ್ಯಾಟ್ರೋಲ್ ಅಲ್ಲಿ ಬದುಕಿದೆ. ಒಂದು ಗಂಟೆಯೂ ದೊಡ್ಡವರು ಶಿಳ್ಳೆ ಹೊಡೆದು, ಮಕ್ಕಳು ಸಾಲಾಗಿ ನಿಂತು, ಶಿಸ್ತೋ ಶಿಸ್ತು ಅನ್ನಿಸಿದರೆ ಅಲ್ಲಿ ಪ್ಯಾಟ್ರೋಲ್ ಬರೀ ಹೆಸರಿಗೆ. ಅಂಥ ಕಡೆ ಮಕ್ಕಳು ಕವಾಯತು ಚೆನ್ನಾಗಿ ಕಲಿಯುತ್ತಾರೆ, ಸುಳ್ಳು ಹೇಳಲ್ಲ. ಆದರೆ ಕವಾಯತಿಗೆ ಬೇರೆ ಜಾಗಗಳಿವೆ ಅಲ್ವಾ?

ಹತ್ತು ವರ್ಷದ ಮಗುವನ್ನು ಎಲ್ಲಿ ಸೇರಿಸುವುದು?

ಗಡಿಯ ವಯಸ್ಸಿನ ಮಕ್ಕಳದು ನಿಜವಾದ ತಲೆನೋವು. ಬ್ರಿಟನ್ನಿನಲ್ಲಿ ಲೆಕ್ಕ ಬಹಳ ಸ್ಪಷ್ಟ: 4ರಿಂದ 6 ಸ್ಕ್ವಿರಲ್, 6ರಿಂದ 8 ಬೀವರ್, 8ರಿಂದ ಹತ್ತೂವರೆ ಕಬ್, ಅಲ್ಲಿಂದ 14ರ ತನಕ ಸ್ಕೌಟ್, 18ರ ತನಕ ಎಕ್ಸ್‌ಪ್ಲೋರರ್. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ತೀರಾ ಪುಟ್ಟವರು ಬನ್ನಿ, ಆಮೇಲೆ ಹತ್ತರ ತನಕ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್, ಹತ್ತರ ಮೇಲೆ ಸ್ಕೌಟ್ ಮತ್ತು ಗೈಡ್, ಅದಾದ ಮೇಲೆ ರೋವರ್ ಮತ್ತು ರೇಂಜರ್. ಅಮೆರಿಕದಲ್ಲಿ ಐದನೇ ತರಗತಿ ಮುಗಿಯುವ ತನಕ ಕಬ್, 11ರ ಆಸುಪಾಸಿನಿಂದ 18 ತುಂಬುವ ತನಕ ಸ್ಕೌಟ್.

ಗಡಿಯಲ್ಲಿರುವ ಮಗುವಿಗೆ ಕೆಲವು ಕಡೆ ಲೀಡರ್ ಆರು ತಿಂಗಳು ಆಚೆ ಈಚೆ ಬಿಡುತ್ತಾರೆ. ಹಾಗೆ ಬಿಟ್ಟರೆ ಮಗುವಿನ ಎತ್ತರ ನೋಡಬೇಡಿ. ಒಂದು ರಾತ್ರಿ ನಿಮ್ಮನ್ನು ಬಿಟ್ಟು ಮಲಗುತ್ತದಾ, ಹಸಿವಾದರೆ ಬಾಯಿ ಬಿಟ್ಟು ಹೇಳುತ್ತದಾ, ತನ್ನ ಚೀಲ ತಾನೇ ಕಟ್ಟಿಕೊಳ್ಳುತ್ತದಾ ಅಂತ ನೋಡಿ. ಮೂರಕ್ಕೂ ಹೂಂ ಅಂದರೆ ಟ್ರೂಪ್. ಒಂದಕ್ಕೆ ಉಹೂಂ ಅಂದರೂ ಇನ್ನೊಂದು ಆರು ತಿಂಗಳು ಕಬ್ ಆಗಿರಲಿ, ನಷ್ಟ ಏನಿಲ್ಲ. ಕಬ್‌ಗಳ ಧ್ಯೇಯವಾಕ್ಯ "ನಿನ್ನ ಕೈಲಾದಷ್ಟು ಮಾಡು" ಅಂತ, ಸ್ಕೌಟ್‌ಗಳದು "ಸಿದ್ಧನಾಗಿರು". ಎರಡರ ನಡುವಿನ ದೂರ ಅಷ್ಟೇ, ಆದರೆ ಸಣ್ಣದಲ್ಲ. ಅಂದಹಾಗೆ, "ಬಿ ಪ್ರಿಪೇರ್ಡ್" ಅನ್ನುವುದರ ಮೊದಲ ಅಕ್ಷರಗಳೂ ಬೇಡನ್-ಪೊವೆಲ್‌ರ ಹೆಸರಿನ ಮೊದಲ ಅಕ್ಷರಗಳೂ ಒಂದೇ.

ಹುಡುಗಿಯಾದರೆ ಗೈಡಾ, ಸ್ಕೌಟಾ?

1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹುಡುಗರ ದೊಡ್ಡ ಮೇಳ ನಡೆದಾಗ ಯಾರೂ ಕರೆಯದಿದ್ದರೂ ಒಂದಷ್ಟು ಹುಡುಗಿಯರು ತಾವೂ ಸ್ಕೌಟ್‌ಗಳೇ ಅಂತ ಬಂದು ನಿಂತರು. ಮರುವರ್ಷ ಅವರಿಗಾಗಿ ಗರ್ಲ್ ಗೈಡ್ಸ್ ಶುರುವಾಯಿತು. ಬೇಡನ್-ಪೊವೆಲ್‌ರ ತಂಗಿ ಆ್ಯಗ್ನೆಸ್ ಅದರ ಮುಂದಾಳು. ಅಲ್ಲಿಂದ ದಾರಿ ಎರಡಾಯಿತು, ಪದಗಳೂ ಎರಡು ಜತೆ ಆದವು.

ಗೈಡ್‌ಗಳ ಗುಂಪಿಗೆ ಟ್ರೂಪ್ ಅನ್ನುವುದಿಲ್ಲ, ಕಂಪನಿ ಅನ್ನುತ್ತಾರೆ. ಆಫೀಸು ಅಲ್ಲ. ಅದನ್ನು ನಡೆಸುವವರು ಭಾರತದಲ್ಲಿ ಗೈಡ್ ಕ್ಯಾಪ್ಟನ್. ಬುಲ್‌ಬುಲ್‌ಗಳ ಗುಂಪು ಫ್ಲಾಕ್, ಹಕ್ಕಿಗಳ ಹಿಂಡು ಅಲ್ವಾ, ಅದಕ್ಕೆ. ಬೇರೆ ದೇಶಗಳಲ್ಲಿ ಅದೇ ವಯಸ್ಸಿನ ಹುಡುಗಿಯರಿಗೆ ಬ್ರೌನಿ ಅಂತ ಹೆಸರು.

ಭಾರತದಲ್ಲಿ ಎರಡೂ ಒಂದೇ ಸಂಸ್ಥೆಯೊಳಗೆ ಇವೆ, ಹುಡುಗರ ಘಟಕ ಹುಡುಗಿಯರ ಘಟಕ ಬೇರೆ ಬೇರೆ ಅಷ್ಟೇ. ಬ್ರಿಟನ್ನಿನಲ್ಲಿ ಸ್ಕೌಟ್ಸ್ ಪೂರ್ತಿ ಬೆರಕೆ, ಹುಡುಗಿಯರು ಎಲ್ಲ ಹಂತಕ್ಕೂ ಸೇರಬಹುದು. ಬರೀ ಹುಡುಗಿಯರದೇ ಬೇಕು ಅಂದರೆ ಗರ್ಲ್‌ಗೈಡಿಂಗ್ ಅನ್ನುವ ಬೇರೆ ಸಂಸ್ಥೆ ಇದೆ. ಅಮೆರಿಕದಲ್ಲಿ ಗರ್ಲ್ ಸ್ಕೌಟ್ಸ್ 1912ರಲ್ಲಿ ಶುರುವಾದ ಬೇರೆಯದೇ ಸಂಸ್ಥೆ. ಹುಡುಗರದ್ದಾಗಿದ್ದ ಬಾಯ್ ಸ್ಕೌಟ್ಸ್ 2018ರಿಂದ ಕಬ್ ಹಂತಕ್ಕೂ 2019ರಿಂದ ಸ್ಕೌಟ್ ಹಂತಕ್ಕೂ ಹುಡುಗಿಯರನ್ನು ಸೇರಿಸಿಕೊಂಡು, 2025ರಲ್ಲಿ ಹೆಸರನ್ನೇ ಸ್ಕೌಟಿಂಗ್ ಅಮೆರಿಕ ಅಂತ ಬದಲಾಯಿಸಿಕೊಂಡಿತು. ಹಾಗಾಗಿ ಅಲ್ಲಿ ಹುಡುಗಿಯೊಬ್ಬಳು "ನಾನು ಸ್ಕೌಟ್" ಅಂದರೆ ಯಾವುದು ಅಂತ ಮತ್ತೆ ಕೇಳಬೇಕು.

ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ: ಮಗಳನ್ನೇ ಕೇಳಿ. ನಮ್ಮವಳು ಎರಡೂ ಕಡೆ ಒಂದೊಂದು ಸಭೆ ನೋಡಿ ಬಂದು, ಹುಡುಗಿಯರದೇ ಕಂಪನಿ ಬೇಕು ಅಂದಳು. ಅಲ್ಲಿ ಡೇರೆಯ ಮೊಳೆ ಹೊಡೆಯುವ ಸುತ್ತಿಗೆ ತನ್ನ ಕೈಗೇ ಬರುತ್ತದೆ ಅನ್ನುವುದು ಅವಳ ಕಾರಣ. ಅವಳ ಗೆಳತಿ ಬೆರಕೆ ಟ್ರೂಪಿಗೆ ಹೋದಳು, ಅವಳೂ ಸುಖವಾಗಿದ್ದಾಳೆ.

ಶಾಲೆಯ ಘಟಕವಾ, ಮುಕ್ತ ಘಟಕವಾ?

ಶಾಲೆಯೊಳಗೇ ನಡೆಯುವ ಘಟಕ ಅಂದರೆ ಓಡಾಟ ಇಲ್ಲ, ಮಕ್ಕಳು ಪರಿಚಿತರು, ನಡೆಸುವವರು ಹೆಚ್ಚಾಗಿ ಅಲ್ಲಿನ ಟೀಚರೇ. ಓಪನ್ ಅಥವಾ ಮುಕ್ತ ಘಟಕಕ್ಕೆ ಯಾವ ಶಾಲೆಯ ಮಗುವಾದರೂ ಬರಬಹುದು. ಸಾಮಾನ್ಯವಾಗಿ ರಜೆಯ ದಿನ ಅಥವಾ ಸಂಜೆ, ನಡೆಸುವವರು ಪುಕ್ಕಟೆ ದುಡಿಯುವ ಹಿರಿಯರು. ಶಾಲೆಯ ಘಟಕದಲ್ಲಿ ಪರೀಕ್ಷೆ ಬಂದರೆ ಸಭೆ ನಿಲ್ಲುತ್ತದೆ, ಟೀಚರ್‌ಗೆ ವರ್ಗವಾದರೆ ಘಟಕವೇ ಮಲಗಿಬಿಡಬಹುದು. ತರಗತಿಯಲ್ಲಿ ಹೆದರಿಸುವ ಟೀಚರೇ ಸಂಜೆ ಸ್ಕೌಟ್‌ಮಾಸ್ಟರ್ ಆದರೆ ಮಕ್ಕಳು ಬಾಯಿ ಬಿಡುವುದಿಲ್ಲ, ಪ್ಯಾಟ್ರೋಲ್ ಲೀಡರ್ ಆದವನೂ ಮಾನಿಟರ್ ಆಗಿಬಿಡುತ್ತಾನೆ. ಮುಕ್ತ ಘಟಕದ ಕಷ್ಟವೇ ಬೇರೆ: ಪ್ರತಿ ವಾರ ಕರೆದುಕೊಂಡು ಹೋಗಬೇಕು, ನಿಮ್ಮನ್ನೂ ಕೆಲಸಕ್ಕೆ ಹಚ್ಚುತ್ತಾರೆ. ನಾನು ಮುಕ್ತ ಘಟಕದ ಕಡೆಯವ, ಮುಚ್ಚಿಡುವುದಿಲ್ಲ. ಆದರೆ ಉತ್ಸಾಹದ ಟೀಚರ್ ಇರುವ ಶಾಲೆ ಘಟಕವನ್ನು ದೂರದ ಮುಕ್ತ ಘಟಕಕ್ಕಾಗಿ ಬಿಡಬೇಡಿ.

ಎಲ್ಲಿಗೆ ಹೋದರೂ ಒಂದು ಕೇಳಿ: ಮಕ್ಕಳ ಜತೆ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರುತ್ತಾರಾ? ಅಮೆರಿಕದಲ್ಲಿ ಇದಕ್ಕೆ ಟೂ ಡೀಪ್ ಅಂತ ಹೆಸರು. ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಲೀಡರ್ ಕಂಡರೆ ಬೇರೆ ಕಡೆ ನೋಡಿ.

ಬ್ಯಾಡ್ಜ್ ಬೇರೆ, ಹಂತ ಬೇರೆ

ಇಲ್ಲಿ ನಾನು ಎಡವಿದ್ದೆ. ಮಗ ಒಂದೇ ತಿಂಗಳಲ್ಲಿ ಮೂರು ಬ್ಯಾಡ್ಜ್ ತಂದ. ಭಲೇ, ಮೂರು ಮೆಟ್ಟಿಲು ಹತ್ತಿದ ಅಂದುಕೊಂಡು ಬಂಧುಗಳಿಗೆಲ್ಲ ಹೇಳಿದೆ. ಅಸಲಿಗೆ ಅವನು ಇದ್ದ ಹಂತದಿಂದ ಕದಲಿರಲಿಲ್ಲ.

ಬ್ಯಾಡ್ಜ್‌ಗಳಲ್ಲಿ ಎರಡು ಬಗೆ. ಒಂದು ಏಣಿ, ಅಂದರೆ ಹಂತ. ಭಾರತದಲ್ಲಿ ಸ್ಕೌಟ್‌ಗೆ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಸೋಪಾನ ಅಂದರೆ ಮೆಟ್ಟಿಲೇ ತಾನೇ, ನಮಗೆ ಪದ ಸುಲಭ. ಕಬ್‌ಗಳಿಗೆ ಸೋಪಾನದ ಬದಲು ಚರಣ, ತುದಿಯಲ್ಲಿ ಗೋಲ್ಡನ್ ಆ್ಯರೋ. ಅಮೆರಿಕದಲ್ಲಿ ಏಳು ಹಂತ: ಸ್ಕೌಟ್, ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಸ್ಟಾರ್, ಲೈಫ್, ಈಗಲ್. ಗಮನಿಸಿ, ಅಲ್ಲಿ ಸ್ಕೌಟ್ ಅನ್ನುವುದು ಮಗುವಿನ ಹೆಸರೂ ಹೌದು, ಮೊದಲ ಹಂತದ ಹೆಸರೂ ಹೌದು.

ಇನ್ನೊಂದು ಬಗೆ ಒಂದೊಂದು ಕೌಶಲಕ್ಕೆ ಸಿಗುವುದು: ಅಡುಗೆ, ಈಜು, ಪ್ರಥಮ ಚಿಕಿತ್ಸೆ ಹೀಗೆ. ಭಾರತದಲ್ಲಿ ಪ್ರೊಫಿಷಿಯೆನ್ಸಿ ಬ್ಯಾಡ್ಜ್, ಅಮೆರಿಕದಲ್ಲಿ ಮೆರಿಟ್ ಬ್ಯಾಡ್ಜ್, ಬ್ರಿಟನ್ನಿನಲ್ಲಿ ಆ್ಯಕ್ಟಿವಿಟಿ ಬ್ಯಾಡ್ಜ್. ಎರಡಕ್ಕೂ ಸಂಬಂಧ ಇದೆ, ಉದಾಹರಣೆಗೆ ಈಗಲ್ ಆಗಲು ಕನಿಷ್ಠ 21 ಮೆರಿಟ್ ಬ್ಯಾಡ್ಜ್ ಬೇಕು, ಜತೆಗೆ ತಾನೇ ಮುಂದೆ ನಿಂತು ಒಂದು ಸೇವಾ ಯೋಜನೆ ಮಾಡಬೇಕು, ಎಲ್ಲವೂ 18 ತುಂಬುವ ಮುಂಚೆ. ಆದರೆ ಬರೀ ಬ್ಯಾಡ್ಜ್ ಸೇರಿಸಿದರೆ ಏಣಿ ಹತ್ತಿದ ಹಾಗಲ್ಲ. ಏಣಿಗೆ ಶಿಬಿರ, ಸೇವೆ, ಮುಂದಾಳತನ, ಕಾಲ ಎಲ್ಲವೂ ಬೇಕು.

ಮಗಳಿಗಾಗಿ ನಾವು ನೋಡಿದ ಒಂದು ಘಟಕದಲ್ಲಿ, ಹೆಸರು ಬೇಡ, ಒಂದು ಮಧ್ಯಾಹ್ನ ಕೂರಿಸಿ ನಾಲ್ಕು ಬ್ಯಾಡ್ಜ್ ಕೊಟ್ಟುಬಿಟ್ಟರು. ಗಂಟಿನ ಬ್ಯಾಡ್ಜೂ ಅದರಲ್ಲಿತ್ತು. ದಾರಿಯಲ್ಲಿ ಅವಳ ಶೂ ಲೇಸ್ ಬಿಚ್ಚಿಹೋಯಿತು, ಕಟ್ಟೋಕೆ ಬರಲಿಲ್ಲ. ಮತ್ತೆ ಆ ಕಡೆ ಹೋಗಲಿಲ್ಲ. ನಿಧಾನವಾಗಿ ಕೊಡುವ ಘಟಕ ಒಳ್ಳೆಯದು. ತೋಳಿನ ಮೇಲೆ ಜಾಗ ಖಾಲಿ ಇದ್ದರೆ ಇರಲಿ ಬಿಡಿ.

ಒಂದೇ ಪದ, ಎರಡು ಅರ್ಥ

ಊರು, ದೇಶ ಬದಲಾಯಿಸುವವರಿಗೆ ಇದು. ಕೋರ್ಟ್ ಆಫ್ ಆನರ್ ಅಂದರೆ ಭಾರತದಲ್ಲಿ ಪ್ಯಾಟ್ರೋಲ್ ಲೀಡರ್‌ಗಳು ಸ್ಕೌಟ್‌ಮಾಸ್ಟರ್ ಜತೆ ಕೂತು ಟ್ರೂಪಿನ ವಿಷಯ ತೀರ್ಮಾನಿಸುವ ಸಭೆ, ಅಲ್ಲಿ ನಿಮಗೇನೂ ಕೆಲಸವಿಲ್ಲ. ಅಮೆರಿಕದಲ್ಲಿ ಅದೇ ಹೆಸರು ಬ್ಯಾಡ್ಜ್ ಕೊಡುವ ಸಮಾರಂಭಕ್ಕೆ, ಮನೆಯವರೆಲ್ಲ ಹೋಗಬೇಕು. ಅಲ್ಲಿ ತೀರ್ಮಾನದ ಸಭೆಗೆ ಪ್ಯಾಟ್ರೋಲ್ ಲೀಡರ್ಸ್ ಕೌನ್ಸಿಲ್ ಅಂತ ಬೇರೆ ಹೆಸರು. ರೇಂಜರ್ ಅಂದರೆ ಭಾರತದಲ್ಲಿ ಗೈಡ್ ಹಂತ ದಾಟಿದ ಯುವತಿ, ಅಮೆರಿಕದ ಶಿಬಿರದಲ್ಲಿ ಜಾಗ ನೋಡಿಕೊಳ್ಳುವ ಸಿಬ್ಬಂದಿ. ಎಕ್ಸ್‌ಪ್ಲೋರರ್ ಬ್ರಿಟನ್ನಿನಲ್ಲಿ ವಯಸ್ಸಿನ ಹಂತ, ಅಮೆರಿಕದಲ್ಲಿ ಎಕ್ಸ್‌ಪ್ಲೋರಿಂಗ್ ಅಂದರೆ ಉದ್ಯೋಗಗಳ ಪರಿಚಯದ ಕಾರ್ಯಕ್ರಮ. ಸುಮ್ನೆ ನಕ್ಕು ಬಿಡುವ ವಿಷಯ ಅನ್ನಿಸಬಹುದು, ಆದರೆ ಸಮಾರಂಭಕ್ಕೆ ಹೋಗದೆ ಮಗು ಒಂಟಿಯಾಗಿ ವೇದಿಕೆ ಮೇಲೆ ನಿಂತಾಗ ನಗು ಬರುವುದಿಲ್ಲ.

ಶಿಬಿರದ ಪದಗಳು ಅಷ್ಟು ಕಷ್ಟವಿಲ್ಲ. ಹೈಕ್ ನಡಿಗೆ. ಡೇ ಕ್ಯಾಂಪ್‌ನಲ್ಲಿ ರಾತ್ರಿ ಮನೆಗೆ. ಕ್ಯಾಂಪೊರಿ ಸುತ್ತಮುತ್ತಲಿನ ಟ್ರೂಪ್‌ಗಳೆಲ್ಲ ಸೇರುವ ಶಿಬಿರ. ಜಾಂಬೂರಿ ದೊಡ್ಡ ಜಾತ್ರೆ. ವಿಶ್ವ ಜಾಂಬೂರಿ ಮೊದಲು ನಡೆದದ್ದು 1920ರಲ್ಲಿ ಲಂಡನ್ನಿನಲ್ಲಿ, ಈಗ ನಾಲ್ಕು ವರ್ಷಕ್ಕೊಮ್ಮೆ. ಕಬ್ ಮಗುವಿನ ಅಪ್ಪ ಅದಕ್ಕಾಗಿ ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದು 14 ದಾಟಿದವರಿಗೆ.

ನಿಮ್ಮನ್ನು ಏನಂತ ಕರೆಯುತ್ತಾರೆ

ಎರಡು ಮೂರು ವಾರ ಸುಮ್ನೆ ನಿಂತು ನೋಡಿದರೆ ನಿಮಗೂ ಒಂದು ಹೆಸರು ಬೀಳುತ್ತದೆ. ಕಮಿಟಿ ಅಂದರೆ ಲೆಕ್ಕ, ವಾಹನ, ಜಾಗದ ಅನುಮತಿ ನೋಡಿಕೊಳ್ಳುವ ಕೆಲಸ, ಮಕ್ಕಳ ಮುಂದೆ ನಿಲ್ಲಬೇಕಿಲ್ಲ. ಮಾತು ಕಡಿಮೆ ಇರುವವರಿಗೆ ಇದೇ ಸರಿ. ಸಹಾಯಕ ಲೀಡರ್ ಆದರೆ ತರಬೇತಿ ಇರುತ್ತದೆ. ಅದರ ದೊಡ್ಡ ಹಂತಕ್ಕೆ ವುಡ್ ಬ್ಯಾಡ್ಜ್ ಅಂತ ಹೆಸರು. ಬಡಗಿ ಕೆಲಸದ ಬ್ಯಾಡ್ಜ್ ಅಲ್ಲ. ನಾನು ಹಾಗೇ ಅಂದುಕೊಂಡು, ಮರಗೆಲಸ ಬರುವುದಿಲ್ಲ ಅಂತ ಒಂದು ವರ್ಷ ತಪ್ಪಿಸಿಕೊಂಡಿದ್ದೆ. 1919ರಲ್ಲಿ ಲಂಡನ್ ಹತ್ತಿರದ ಗಿಲ್‌ವೆಲ್ ಪಾರ್ಕಿನಲ್ಲಿ ಲೀಡರ್‌ಗಳಿಗಾಗಿ ಶುರುವಾದ ತರಬೇತಿ ಅದು, ಮುಗಿಸಿದವರ ಕೊರಳಿಗೆ ಚರ್ಮದ ದಾರದಲ್ಲಿ ಎರಡು ಮರದ ಮಣಿ. ಮೊದಲ ದಿನ ಮೈದಾನದಲ್ಲಿ ಯಾರ ಹತ್ತಿರ ಅನುಮಾನ ಕೇಳಬೇಕು ಅಂತ ಗೊತ್ತಾಗದಿದ್ದರೆ ಆ ಮಣಿ ಹುಡುಕಿ.

ಎಡಗೈ ಚಾಚಿದರೆ ನೀವೂ ಎಡಗೈಯನ್ನೇ ಕೊಡಿ, ಸ್ಕೌಟ್‌ಗಳು ಕೈ ಕುಲುಕುವುದು ಹಾಗೇ.

ಸಮವಸ್ತ್ರವನ್ನು ಎರಡು ಮೂರು ವಾರ ಬಿಟ್ಟು ತನ್ನಿ, ಮಗು ನಿಲ್ಲುತ್ತದಾ ನೋಡಿಕೊಂಡು. ಸ್ಕಾರ್ಫ್ ಮಾತ್ರ ಮುಂಚೆ ತರಲೇಬೇಡಿ. ಅದನ್ನು ಇನ್ವೆಸ್ಟಿಚರ್, ಅಂದರೆ ಪ್ರತಿಜ್ಞೆ ಮಾಡಿಸಿ ಸೇರಿಸಿಕೊಳ್ಳುವ ದೀಕ್ಷೆಯ ದಿನ, ಲೀಡರ್ ತಾವೇ ಕೊರಳಿಗೆ ಹಾಕುತ್ತಾರೆ. ಕತ್ತಿನ ಕೆಳಗೆ ಅದನ್ನು ಹಿಡಿದಿಡುವ ಉಂಗುರವೇ ವಾಗಲ್. ನಾನು ಆತುರಕ್ಕೆ ತಂದಿದ್ದ ಸ್ಕಾರ್ಫಿನ ಬಣ್ಣವೂ ನಮ್ಮ ಗ್ರೂಪಿನದಲ್ಲ. ಅದೀಗ ಮನೆಯಲ್ಲಿ ಪ್ರಥಮ ಚಿಕಿತ್ಸೆಯ ಅಭ್ಯಾಸಕ್ಕಿದೆ. ಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಮುರಿದಿದೆ ಅಂದುಕೋ ಅಂತ ಹೇಳಿ, ಆ ಸ್ಕಾರ್ಫಿನಲ್ಲಿ ತೋಳು ತೂಗುಹಾಕಿ ಕತ್ತಿನ ಪಕ್ಕದಲ್ಲಿ ಗಂಟು ಹಾಕುತ್ತಾಳೆ. ಬಲಗಡೆಯದು ಎಡಗಡೆಯದರ ಮೇಲೆ, ಎಡಗಡೆಯದು ಬಲಗಡೆಯದರ ಮೇಲೆ. ಚಪ್ಪಟೆಯಾಗಿ ಕೂರುತ್ತದೆ, ಚುಚ್ಚುವುದಿಲ್ಲ.